ತುಕ್ಕಿನ ಪರವಾಗಿ ಒಂದು ವಾದ



ಕಳೆದ ದೀಪಾವಳಿಯಂದು ಬಣಕಲ್ಲಿನ ನಮ್ಮ ಮನೆಯ ಜಗಲಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇನೆ. ಅಂದು ಅಲ್ಲಿದ್ದವರಲ್ಲಿ ಹಲವರು ಇದನ್ನು ಓದುತ್ತಾರೆಂಬುದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಕೋಪಿಸಿಕೊಳ್ಳುವವರು ಪೂರ್ತಿ ಓದಿದ ಮೇಲೆ ಕೋಪಿಸಿಕೊಳ್ಳಬೇಕೆಂದು ವಿನಂತಿ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಹಬ್ಬಕ್ಕೆ ಬರುವಾಗ ಕಾರಿನ ಹಿಂಬದಿಯಲ್ಲಿ ನಾಲ್ಕಡಿ ಉದ್ದದ ಒಂದು ಹಲಗೆಯನ್ನು ತಂದಿದ್ದ. ಅದರ ಮೇಲೆ ಒಂದು ಗುಡ್ಡದ ಬದಿ, ಒಂದು ಸುರಂಗದ ಬಾಯಿ, ಜಲ್ಲಿ ಹಾಸಿದ ಎರಡು ಹಳಿದಾರಿಗಳು. ಒಂದರ ಮೇಲೆ ನಾಲ್ಕು ಗೂಡ್ಸ್ ವ್ಯಾಗನ್ನುಗಳು, ಇನ್ನೊಂದರ ಮೇಲೆ ಹಳಿ ದುರಸ್ತಿಯ ಹಳದಿ ಯಂತ್ರ, ಪಕ್ಕದಲ್ಲಿ ಹಳಿಯಿಂದ ಎತ್ತಿಟ್ಟ ಒಂದು ತಳ್ಳುವ ಟ್ರಾಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಘಾಟಿಯ ಒಂದು ತುಣುಕನ್ನು ಅವನು ತನ್ನ ಕೈಯಾರೆ ಮಾಡಿದ್ದ. ವ್ಯಾಗನ್ನುಗಳ ಮೈಮೇಲೆ ತುಕ್ಕು, ಧೂಳು, ಮಳೆನೀರು ಇಳಿದ ಗೆರೆಗಳು. ಹಳದಿ ಯಂತ್ರದ ಪಕ್ಕೆಯಲ್ಲಿ ಎಣ್ಣೆಯ ಕಲೆ.

“ದುಡ್ಡು ಕೊಟ್ಟು ಹೊಸ ಸಾಮಾನು ತಂದು ಅದಕ್ಕೆ ಮಸಿ ಬಳಿದಿದ್ದೀಯಲ್ಲೋ, ನಿನಗೇನಾಗಿದೆ?” ಎಂದರು ನನ್ನ ಷಡ್ಡಕರು. “ತಾ ಇಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿಕೊಡ್ತೀನಿ” ಎಂದರು ನನ್ನವಳ ಅಕ್ಕ. ಎಲ್ಲರೂ ನಕ್ಕರು. ನಲವತ್ತು ದಾಟಿದ ಆ ಇಂಜಿನಿಯರ್ ಶಾಲೆಯ ಹುಡುಗನಂತೆ ತಲೆ ತಗ್ಗಿಸಿ, “ಅದು ಹಾಗೇ ಇರ್ಬೇಕು ದೊಡ್ಡಮ್ಮ” ಎಂದಷ್ಟೇ ಹೇಳಿ ಹಲಗೆಯ ಮೇಲೆ ಬಟ್ಟೆ ಮುಚ್ಚಿದ. ನಾಚಿಕೆಯ ಸಂಗತಿಯೆಂದರೆ, ನಾನೂ ನಕ್ಕಿದ್ದೆ. ಈ ಬರಹ ಆ ನಗುವಿಗೆ ನಾನು ಕಟ್ಟುತ್ತಿರುವ ದಂಡ.

ಮೊದಲಿಗೆ ಈ ಹವ್ಯಾಸವೇನೆಂಬುದನ್ನು ಹೇಳಬೇಕು. ಇದು ಮಕ್ಕಳಾಟಿಕೆಯಿಂದಲೇ ಹುಟ್ಟಿದ್ದು ನಿಜ. ಜರ್ಮನಿಯ ಮೇರ್ಕ್ಲಿನ್ ಎಂಬ ಆಟಿಕೆ ಸಂಸ್ಥೆ 1891ರಲ್ಲಿ ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ರೈಲುಗಳನ್ನು ಮಾರಾಟಕ್ಕಿಟ್ಟಿತು. ಅಲ್ಲಿಂದ ಬೆಳೆದು ಇಂದು ಅದೊಂದು ಗಂಭೀರ ಕಲೆಯಾಗಿದೆ. ಬಹಳ ಜನ ಅನುಸರಿಸುವ ಅಳತೆ 87ಕ್ಕೆ 1. ನಮ್ಮ ರೈಲ್ವೆಯ ‘ಬಾಕ್ಸ್‌ಎನ್’ ಎಂಬ ತೆರೆದ ವ್ಯಾಗನ್ ಸುಮಾರು 10.7 ಮೀಟರ್ ಉದ್ದವಿದೆ. ಈ ಲೆಕ್ಕದಲ್ಲಿ ಅದು 12.3 ಸೆಂಟಿಮೀಟರ್ ಆಗುತ್ತದೆ, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ಆ ಅರ್ಧ ಗೇಣಿನ ವಸ್ತುವಿಗೆ ಗಾಳಿ, ಮಳೆ, ಬಿಸಿಲು ತಿಂದ ರೂಪವನ್ನು ಕೊಡುವುದಕ್ಕೆ ಹವ್ಯಾಸಿಗಳು ‘ವೆದರಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ‘ಮಳೆ-ಬಿಸಿಲು ಉಣಿಸುವುದು’ ಎನ್ನಬಹುದೇನೋ.

ಅದನ್ನು ಹೇಗೆ ಮಾಡುತ್ತಾರೆಂಬುದನ್ನು ಹಬ್ಬದ ಮರುದಿನ, ನೆಂಟರೆಲ್ಲ ಹೊರಟ ಮೇಲೆ, ಅವನನ್ನು ಕೂರಿಸಿಕೊಂಡು ಕೇಳಿದೆ. ಮೊದಲು ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿ ಪ್ಲಾಸ್ಟಿಕ್ಕಿನ ಮಿರುಗನ್ನು ತೆಗೆಯಬೇಕು. ಆಮೇಲೆ ಕಂದು ಬಣ್ಣವನ್ನು ನೀರಿನಷ್ಟು ತೆಳುವಾಗಿ ಕಲಸಿ ಮೈಮೇಲೆಲ್ಲ ಹರಿಯಬಿಟ್ಟರೆ ಅದು ಸಂದುಗಳಲ್ಲಿ, ರಿವೆಟ್ಟುಗಳ ಬುಡದಲ್ಲಿ ನಿಲ್ಲುತ್ತದೆ. ಉಳಿದದ್ದನ್ನು ಕುಂಚದಿಂದ ಮೇಲಿನಿಂದ ಕೆಳಕ್ಕೇ ಎಳೆಯಬೇಕು, ಏಕೆಂದರೆ ಮಳೆನೀರು ಅಡ್ಡ ಹರಿಯುವುದಿಲ್ಲ. ಬಣ್ಣ ಎದ್ದುಹೋದ ಜಾಗಗಳನ್ನು ಸ್ಪಂಜಿನ ಚೂರಿನಿಂದ ತಟ್ಟಿ ಮೂಡಿಸಬೇಕು. ಕೊನೆಗೆ ಬಣ್ಣದ ಸೀಮೆಸುಣ್ಣವನ್ನು ಕೆರೆದು ಬಂದ ಹುಡಿಯನ್ನು ಚಕ್ರಗಳ ಸುತ್ತ ಒಣಕುಂಚದಿಂದ ಹಚ್ಚಬೇಕು. ಒಂದು ವ್ಯಾಗನ್ನಿಗೆ ಅವನ ನಾಲ್ಕು ಭಾನುವಾರಗಳು ಹೋಗಿವೆ. ಅದಕ್ಕೂ ಮೊದಲು ಸಕಲೇಶಪುರ ನಿಲ್ದಾಣದಲ್ಲಿ ಕುಳಿತು ಗೂಡ್ಸ್ ಗಾಡಿಗಳನ್ನು ನೋಡಿದ ದಿನಗಳ ಲೆಕ್ಕ ಬೇರೆ. ಅವನು ಹಾಕಿದ ಒಂದೊಂದು ಕಲೆಗೂ ಒಂದೊಂದು ಛಾಯಾಚಿತ್ರದ ಆಧಾರವಿದೆ. ಇದನ್ನೇ ನಾವು ‘ಮಸಿ ಬಳಿಯುವುದು’ ಎಂದು ನಕ್ಕದ್ದು.

ನನ್ನ ಮೊದಲ ತಕರಾರು ಇದು. ಬೇರೆ ಯಾರಾದರೂ ನಗಲಿ, ಮಲೆನಾಡಿನವರು ನಗಬಾರದಿತ್ತು. ವಸ್ತುಗಳು ಹೇಗೆ ಹಳತಾಗುತ್ತವೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ-ಹಿತ್ತಾಳೆಗೆ ಕಿಲುಬು, ಅಂಗಳದ ಕಲ್ಲಿಗೆ ಹಾವಸೆ, ಪೆಟ್ಟಿಗೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು, ಕಂಬಕ್ಕೆ ಗೆದ್ದಲು. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದರೆ ನಮ್ಮ ಅಜ್ಜಿಯಂದಿರು ತಿದ್ದುತ್ತಿದ್ದರು. ಹಂಚಿನ ಮೇಲೆ ಎಷ್ಟು ಮಳೆಗಾಲದ ಪಾಚಿ ಇದೆಯೆಂದು ನೋಡಿ ಮನೆಯ ವಯಸ್ಸನ್ನು ಊಹಿಸುವವರು ನಮ್ಮಲ್ಲಿದ್ದರು. ತೋಟದ ಜೀಪಿನ ತಳ ಎಲ್ಲಿ ಮೊದಲು ತೂತಾಗುತ್ತದೆ, ಪಲ್ಪರಿನ ಯಾವ ಭಾಗದ ಬಣ್ಣ ಮೊದಲು ಹೋಗುತ್ತದೆ ಎಂದು ಕೇಳಿದರೆ ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಕಣ್ಣು ಮುಚ್ಚಿ ಹೇಳಬಲ್ಲರು. ಇಷ್ಟು ತಿಳಿದವರು, ಅದೇ ತಿಳಿವಳಿಕೆಯನ್ನು ಒಬ್ಬ ಹುಡುಗ ಕುಂಚದ ತುದಿಯಲ್ಲಿ ತೋರಿಸಿದಾಗ ಹುಣಸೆಹಣ್ಣು ತರಲು ಹೊರಡುವುದು ತರವೇ?

ಎರಡನೆಯದು ಸತ್ಯದ ಪ್ರಶ್ನೆ. ನಮ್ಮ ದೇಶದ ಪ್ರತಿ ಗೂಡ್ಸ್ ವ್ಯಾಗನ್ನಿನ ಮೈಮೇಲೆ 11 ಅಂಕಿಗಳ ಒಂದು ಸಂಖ್ಯೆ ಬರೆದಿರುತ್ತದೆ. ಮೊದಲ ಎರಡು ಅಂಕಿಗಳು ಅದು ಯಾವ ಬಗೆಯ ವ್ಯಾಗನ್ ಎಂಬುದನ್ನು, ಮುಂದಿನ ಎರಡು ಅದು ಯಾವ ರೈಲ್ವೆ ವಲಯಕ್ಕೆ ಸೇರಿದ್ದೆಂಬುದನ್ನು, ಅದರ ಮುಂದಿನ ಎರಡು ಅದು ತಯಾರಾದ ವರ್ಷವನ್ನು ಹೇಳುತ್ತವೆ. ಆಮೇಲಿನ ನಾಲ್ಕು ಅದರ ಸ್ವಂತ ಸಂಖ್ಯೆ. ಕೊನೆಯದು ತಾಳೆ ನೋಡುವುದಕ್ಕೆ. ಅಂದರೆ ವ್ಯಾಗನ್ ತನ್ನ ಹುಟ್ಟಿದ ವರ್ಷವನ್ನು ಎದೆಯ ಮೇಲೆ ಬರೆದುಕೊಂಡೇ ತಿರುಗುತ್ತದೆ. 2005ರಲ್ಲಿ ತಯಾರಾಯಿತೆಂದು ಬರೆದಿರುವ ಮಾದರಿಯೊಂದು ನಿನ್ನೆ ಕಾರ್ಖಾನೆಯಿಂದ ಹೊರಬಂದಂತೆ ಮಿರುಗುತ್ತ ಘಾಟಿಯಲ್ಲಿ ನಿಂತಿದ್ದರೆ, ಎರಡರಲ್ಲಿ ಒಂದು ಸುಳ್ಳು. ಸಂಖ್ಯೆಯಾದರೂ ಸುಳ್ಳು, ಬಣ್ಣವಾದರೂ ಸುಳ್ಳು. ಗಣಿತದ ಮೇಷ್ಟ್ರಾಗಿದ್ದ ನನಗೆ ಇಂಥ ಲೆಕ್ಕ ಹೊಂದುವುದಿಲ್ಲ.

ಹಾಗೆಂದು ಕೊಳೆಯೆಲ್ಲ ಒಂದೇ ಅಲ್ಲ. ಅದರಲ್ಲೂ ಚರಿತ್ರೆಯಿದೆ. ಹಾಸನ–ಮಂಗಳೂರು ಮಾರ್ಗ ಮೀಟರ್‌ಗೇಜಾಗಿ 1979ರಲ್ಲಿ ಪೂರ್ಣಗೊಂಡಿತು. ಬಳಿಕ ಬ್ರಾಡ್‌ಗೇಜಿಗೆ ಬದಲಾಗಿ 2006ರಲ್ಲಿ ಸರಕು ಗಾಡಿಗಳಿಗೂ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳಿಗೂ ತೆರೆಯಿತು. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಈ ಘಾಟಿಯಲ್ಲಿ ಇಳಿದು ಮಂಗಳೂರಿನ ಬಂದರಿಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ ವ್ಯಾಗನ್ನುಗಳ ಅಂಚುಗಳೂ ಹಳಿಯ ಪಕ್ಕದ ಎಲೆಗಳೂ ಕುಂಕುಮದ ಬಣ್ಣಕ್ಕೆ ತಿರುಗಿದ್ದವು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಆದ್ದರಿಂದ ಆ ಕೆಂಪು ಹುಡಿ ಕೆಲವೇ ವರ್ಷಗಳ ಗುರುತು. ನಮ್ಮದೇ ಬೆಟ್ಟಸಾಲಿನ ಕುದುರೆಮುಖದ ಅದಿರು ವ್ಯಾಗನ್ನನ್ನೇ ಏರಲಿಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಅದು ಕೆಸರಿನ ರೂಪದಲ್ಲಿ ಕೊಳವೆಯೊಳಗೆ ಹರಿದು ಮಂಗಳೂರು ಸೇರಿತು. ಹೀಗೆ ಯಾವ ಕೊಳೆ ಯಾವ ವರ್ಷದ್ದು, ಯಾವ ಊರಿನದ್ದು ಎಂಬುದನ್ನು ತಿಳಿದು ಹಚ್ಚುವವನು ಇತಿಹಾಸ ಬರೆಯುತ್ತಿದ್ದಾನೆ. ಸಿಮೆಂಟಿನ ವ್ಯಾಗನ್ನಿಗೆ ಬೂದಿ ಬಣ್ಣ, ಕಲ್ಲಿದ್ದಲಿನದರ ಒಳಮೈಗೆ ಕಪ್ಪು, ಎಣ್ಣೆಯ ಟ್ಯಾಂಕಿಗೆ ಮುಚ್ಚಳದ ಬಾಯಿಂದ ಎರಡೂ ಬದಿಗೆ ಸೋರಿದ ಜಿಡ್ಡು.

ಘಾಟಿಯ ಗುರುತು ಇನ್ನೂ ಸೂಕ್ಷ್ಮವಾದದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಇಳಿಯುತ್ತದೆ. ಬಸ್ಸಿಗೆ ಇದು ಲೆಕ್ಕಕ್ಕಿಲ್ಲ, ಸಾವಿರಾರು ಟನ್ನಿನ ಗೂಡ್ಸ್ ಗಾಡಿಗೆ ಇದು ಪ್ರಾಣಸಂಕಟ. ಇಳಿಯುವಾಗ ಬ್ರೇಕಿನ ಕಟ್ಟೆಗಳು ಚಕ್ರಕ್ಕೆ ಒತ್ತಿ, ಸವೆದು, ಹುಡಿಯಾಗಿ ಚಕ್ರದ ಸುತ್ತ ಕೂರುತ್ತವೆ. ಚಕ್ರದ ಅಂಚು ಮಾತ್ರ ಹಳಿಗೆ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತದೆ. ಹಳಿಯೂ ಹಾಗೆಯೇ, ನೆತ್ತಿ ಹೊಳಪು, ಪಕ್ಕೆ ತುಕ್ಕು. ದುಡಿಯುವ ಜಾಗ ಹೊಳೆಯುತ್ತದೆ, ಉಳಿದದ್ದು ಕಂದುತ್ತದೆ. ಅಂಗಡಿಯಿಂದ ತಂದ ಆಟಿಕೆಯಲ್ಲಿ ಇದು ತಿರುವುಮುರುವು; ಮೈಯೆಲ್ಲ ಹೊಳಪು, ಚಕ್ರ ಮಾತ್ರ ಕಪ್ಪು.

ಮೂರನೆಯ ತಕರಾರು ಹವ್ಯಾಸಿಗಳ ಮೇಲೆಯೇ ಇದೆ. ಮಾದರಿ ರೈಲು ಕೊಳ್ಳುವ ಬಹುಪಾಲು ಜನರಿಗೆ ಬೇಕಾದದ್ದು ಇಂಜಿನ್, ಅದರ ಹಿಂದೆ ಒಂದು ರಾಜಧಾನಿ ಅಥವಾ ಶತಾಬ್ದಿ. ದುರಸ್ತಿಯ ಗಾಡಿ ಯಾರಿಗೂ ಬೇಡ. ಆದರೆ ಆ ರಾಜಧಾನಿ ಓಡುವುದು ಯಾರ ಹೆಗಲಿನ ಮೇಲೆ? ನನ್ನ ಸೋದರಳಿಯ ಮಾಡಿರುವ ಹಳದಿ ಯಂತ್ರ ಹಳಿಯನ್ನು ಸ್ಲೀಪರಿನ ಸಮೇತ ಹಿಡಿದೆತ್ತಿ, ಉಕ್ಕಿನ ಬೆರಳುಗಳನ್ನು ಜಲ್ಲಿಯೊಳಗೆ ಇಳಿಸಿ, ಅದುರಿಸುತ್ತ ಜಲ್ಲಿಯನ್ನು ಸ್ಲೀಪರಿನ ಅಡಿಗೆ ಒತ್ತುತ್ತದೆ. ಅದು ಬರುವ ಮೊದಲು ಆ ಕೆಲಸವನ್ನು ಮನುಷ್ಯರು ಪಿಕಾಸಿಯಿಂದ ಮಾಡುತ್ತಿದ್ದರು. ‘ಬಿಒಬಿವೈಎನ್’ ಎಂಬ ವ್ಯಾಗನ್ ಇರುವುದೇ ಹಳಿಗೆ ಜಲ್ಲಿ ಸುರಿಯಲು. ತಳ್ಳುವ ಟ್ರಾಲಿಯಲ್ಲಿ ಇಂಜಿನಿಯರ್ ಕುಳಿತಿರುತ್ತಾರೆ, ಟ್ರಾಲಿಮನ್ನರು ಹಳಿಯ ನೆತ್ತಿಯ ಮೇಲೆಯೇ ಕಾಲಿಟ್ಟು ಓಡುತ್ತ ಅದನ್ನು ತಳ್ಳುತ್ತಾರೆ. ಮೂರು ಬೆರಳು ಅಗಲದ ಕಬ್ಬಿಣದ ಮೇಲೆ ಮಳೆಯಲ್ಲಿ ಓಡುವುದೆಂದರೇನೆಂದು ಒಮ್ಮೆ ಯೋಚಿಸಿ.

ಆ ಘಾಟಿಯ ಮಳೆಗಾಲವೂ ನಮಗೆ ಅಪರಿಚಿತವಲ್ಲ. 2018ರ ಆಗಸ್ಟಿನಲ್ಲಿ ಅಲ್ಲಿ ಹಲವು ಕಡೆ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತು. 2019ರ ಆಗಸ್ಟಿನಲ್ಲಿ ನಮ್ಮ ಚಾರ್ಮಾಡಿ ಘಾಟಿಯ ರಸ್ತೆಗೂ ಅದೇ ಗತಿಯಾದದ್ದು ನಿಮಗೆ ನೆನಪಿದೆ. 2024ರ ಜುಲೈ ಕೊನೆಗೆ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಸಂಚಾರ ನಿಂತಾಗ, ಸುರಿಯುವ ಮಳೆಯಲ್ಲೇ ಹಗಲುರಾತ್ರಿ ದುಡಿದು ಅದನ್ನು ಎತ್ತಿ ನಿಲ್ಲಿಸಿದರು. ಮಳೆಗಾಲದ ರಾತ್ರಿಗಳಲ್ಲಿ ಕೈಯಲ್ಲಿ ದೀಪ, ಜೋಳಿಗೆಯಲ್ಲಿ ಅಪಾಯ ಸೂಚಿಸುವ ಸಿಡಿಗುಂಡು ಹಿಡಿದು ಹಳಿಯುದ್ದಕ್ಕೂ ನಡೆಯುವವರಿದ್ದಾರೆ. ಅವರು ಗುಡ್ಡವನ್ನು ನೋಡುತ್ತ ನಡೆಯುವುದರಿಂದಲೇ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಮಂಗಳೂರು ಕಡೆಗೆ ಹೊರಟ ನಮ್ಮ ಮಕ್ಕಳು ನಿದ್ದೆ ಮಾಡುತ್ತಾರೆ. ಅಂಥವರ ಟ್ರಾಲಿಯನ್ನು ತೊಳೆದು ಹೊಳಪು ಕೊಟ್ಟು ಗಾಜಿನ ಕಪಾಟಿನಲ್ಲಿಟ್ಟರೆ, ನಾವು ಒರೆಸಿ ಹಾಕಿದ್ದು ಕೊಳೆಯನ್ನಲ್ಲ, ಅವರನ್ನು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಮೂವತ್ತೈದು ವರ್ಷ ಕಪ್ಪುಹಲಗೆಯ ಮೇಲೆ ಬರೆದೆ. ಮೊಸರಿನ ಮೇಲೆ ನಮಗೆಲ್ಲ ಆಸೆ, ಕೆಸರನ್ನು ಕಂಡರೆ ಮಾತ್ರ ಅಸಹ್ಯ.

ಇಷ್ಟು ಜೋರಾಗಿ ವಾದಿಸಲು ನನಗೊಂದು ಹಳೆಯ ಕಾರಣವಿದೆ. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

1980ರ ದಶಕದ ಆರಂಭ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಸಕಲೇಶಪುರದಾಚೆ ಹೊಸದಾಗಿ ಆದ ಮೀಟರ್‌ಗೇಜ್ ಹಳಿಯ ಮೇಲೆ ಗ್ಯಾಂಗ್‌ಮನ್. ಹುಡುಗ ಅಜ್ಜಿಮನೆಯಲ್ಲಿದ್ದು ಓದುತ್ತಿದ್ದ. ನಮ್ಮ ತಾಲ್ಲೂಕಿನಲ್ಲಿ ಆಗಲೂ ರೈಲಿರಲಿಲ್ಲ, ಈಗಲೂ ಇಲ್ಲ. ಜಿಲ್ಲಾಕೇಂದ್ರ ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ಹಾಗಾಗಿ ತರಗತಿಯಲ್ಲಿ ರೈಲನ್ನು ಹತ್ತಿರದಿಂದ ಕಂಡವನು ಅವನೊಬ್ಬನೇ. ವಿಜ್ಞಾನ ಪ್ರದರ್ಶನಕ್ಕೆ ಅವನು ರಟ್ಟು, ಬಿಸ್ಕತ್ತಿನ ಡಬ್ಬಿಯ ತಗಡು, ಸೈಕಲ್ಲಿನ ಬೇರಿಂಗು ಸೇರಿಸಿ ಒಂದು ತಳ್ಳುವ ಟ್ರಾಲಿಯನ್ನೂ ಒಂದು ಗೂಡ್ಸ್ ವ್ಯಾಗನ್ನನ್ನೂ ಮಾಡಿದ. ಇಟ್ಟಿಗೆಯ ಹುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ ತುಕ್ಕು ಮಾಡಿದ್ದ. ಲಾಟೀನಿನ ಗಾಜಿನ ಮಸಿಯಿಂದ ಚಕ್ರದ ಸುತ್ತ ಕಪ್ಪು ಹಚ್ಚಿದ್ದ. ಯಾರೂ ಹೇಳಿಕೊಡದೆ, ಯಾವ ಪುಸ್ತಕವನ್ನೂ ನೋಡದೆ.

ಪ್ರದರ್ಶನ ನೋಡಲು ಮೇಲಧಿಕಾರಿಗಳು ಬರುವವರಿದ್ದರು. ನಾನು ಅವನ ಮೇಜಿನ ಮುಂದೆ ನಿಂತು, “ಇದೇನೋ ಗಲೀಜು? ನಾಳೆ ಬರುವಷ್ಟರಲ್ಲಿ ತೊಳೆದು ಚೆನ್ನಾಗಿ ಬಣ್ಣ ಹಚ್ಚಿ ತರಬೇಕು” ಎಂದೆ. ಸಾಲದ್ದಕ್ಕೆ, ಶಾಲೆಯ ಗೇಟಿಗೆ ಹಚ್ಚಿ ಉಳಿದಿದ್ದ ಬೆಳ್ಳಿ ಬಣ್ಣದ ಡಬ್ಬಿಯನ್ನೂ ಕೊಟ್ಟೆ. ಅವನು “ಆಯ್ತು ಸಾರ್” ಎಂದ. ಮರುದಿನ ಎರಡೂ ಬೆಳ್ಳಿಯಂತೆ ಥಳಥಳಿಸುತ್ತಿದ್ದವು. ಒಂದು ಸಮಾಧಾನಕರ ಬಹುಮಾನವೂ ಬಂತು; ಸಾಬೂನಿನ ಡಬ್ಬಿ.

ಸಂಜೆ ಅವನ ತಂದೆ ಬಂದರು. ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಮಗನ ಕೆಲಸವನ್ನು ನೋಡಲೆಂದೇ ಬಂದಿದ್ದರು. ಮೇಜಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ವಿನಯದಿಂದ ಕೇಳಿದರು: “ಇದು ಯಾವ ಗಾಡಿ ಸಾರ್?”

ದಿನವೂ ಅದರ ಹಿಂದೆ ಓಡುತ್ತಿದ್ದ ಮನುಷ್ಯನಿಗೆ ಅದು ಗುರುತು ಸಿಗದಂತೆ ಮಾಡಿದವನು ನಾನು. ಹುಡುಗ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮತ್ತೆ ಅವನು ಪ್ರದರ್ಶನಕ್ಕೆ ಏನನ್ನೂ ಮಾಡಲಿಲ್ಲ.

ಈಗ ನೀವು ಹೇಳಬಹುದಾದ ಪ್ರತಿವಾದಗಳಿಗೆ ಬರುತ್ತೇನೆ. ಮೈಸೂರಿನಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳನ್ನೆಲ್ಲ ಚೊಕ್ಕಟವಾಗಿ ಬಣ್ಣ ಹಚ್ಚಿ ಇಟ್ಟಿಲ್ಲವೇ ಎಂದು ಕೇಳಬಹುದು. ಇಟ್ಟಿದ್ದಾರೆ, ಇಡಲೇಬೇಕು. ನಿಜವಾದ ಕಬ್ಬಿಣಕ್ಕೆ ಬಣ್ಣವೇ ಔಷಧ. ಹಚ್ಚದಿದ್ದರೆ ಹತ್ತು ಮಳೆಗಾಲದಲ್ಲಿ ಅದು ಮಣ್ಣು. ಆದರೆ ಪ್ಲಾಸ್ಟಿಕ್ಕಿನ ಮಾದರಿಗೆ ತುಕ್ಕು ಹಿಡಿಯುವುದಿಲ್ಲ. ಅದಕ್ಕೆ ಇಲ್ಲದ ಕಾಯಿಲೆಗೆ ಔಷಧವೇಕೆ? ವಸ್ತುಸಂಗ್ರಹಾಲಯ ಉಳಿಸಬೇಕಾದದ್ದು ಗಾಡಿಯನ್ನು, ಮಾದರಿ ಉಳಿಸಬೇಕಾದದ್ದು ಗಾಡಿ ದುಡಿದ ಬಗೆಯನ್ನು.

ಮುಂದೆ ಮಾರಿದರೆ ಬೆಲೆ ಬರುವುದಿಲ್ಲ ಎಂದು ಷಡ್ಡಕರು ಹೇಳಿದರು. ನಿಜವಿರಬಹುದು. ಡಬ್ಬಿಯಿಂದ ತೆಗೆಯದೇ ಇದ್ದರೆ ಇನ್ನೂ ಹೆಚ್ಚು ಬರುತ್ತದಂತೆ. ಹಾಗಾದರೆ ಕೊಳ್ಳಬೇಕಾದದ್ದು ಬಂಗಾರವನ್ನು, ರೈಲನ್ನಲ್ಲ.

ಅಳತೆಯೇ ಸರಿಯಿಲ್ಲದ ಮೇಲೆ ಕೊಳೆಯಲ್ಲೇಕೆ ಇಷ್ಟು ನಿಷ್ಠೆ ಎಂಬುದು ತಿಳಿದವರ ಪ್ರಶ್ನೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ಕ್ಕೆ 1ರ ಲೆಕ್ಕದಲ್ಲಿ ಹಳಿಗಳ ನಡುವಿನ ಅಂತರ 19.3 ಮಿಲಿಮೀಟರ್ ಇರಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಳಿ ಯುರೋಪು, ಅಮೆರಿಕಗಳ ಗೇಜಿಗೆ ಮಾಡಿದ 16.5 ಮಿಲಿಮೀಟರಿನದು. ನನ್ನ ಸೋದರಳಿಯನ ಹಲಗೆಯಲ್ಲೂ ಅದೇ ಇದೆ. ಅದು ಕೈಗೆ ಸಿಗದ ವಸ್ತುವಿನ ಜೊತೆಗಿನ ರಾಜಿ. ಒಂದು ಕಡೆ ರಾಜಿಯಾದೆವೆಂದು ಎಲ್ಲ ಕಡೆ ಸುಳ್ಳು ಹೇಳಬಹುದೆಂಬ ನ್ಯಾಯ ನನಗೆ ಗೊತ್ತಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಈಗ ಕೆಲವರು ಕಂಡದ್ದಕ್ಕೆಲ್ಲ ತುಕ್ಕು ಬಳಿಯುತ್ತಾರೆ. ಒಂದೇ ಬಣ್ಣ, ಒಂದೇ ಪ್ರಮಾಣ, ಇಡೀ ಗಾಡಿ ಸಿನಿಮಾದ ಸೆಟ್ಟಿನಂತೆ. ಸ್ಟೇನ್‌ಲೆಸ್ ಉಕ್ಕಿನ ಹೊಸ ವ್ಯಾಗನ್ನಿಗೂ ಕೆಂಪು ತುಕ್ಕು, ಸುರಂಗ ಕಾಣದ ಬಯಲಿನ ಗಾಡಿಗೂ ಘಾಟಿಯ ಮಸಿ. ಇದು ಹೊಳಪಿನಷ್ಟೇ ದೊಡ್ಡ ಸುಳ್ಳು. ದುಡಿದವರ ಬೆವರನ್ನು ಅತ್ತರಿನಂತೆ ಪೂಸಿಕೊಳ್ಳುವ ಶೋಕಿ. ಡಿಪೋದಿಂದ ಈಗಷ್ಟೇ ಹೊರಬಂದ ವ್ಯಾಗನ್ ಹೊಸದಾಗಿಯೇ ಇರುತ್ತದೆ. ಅದನ್ನು ಹಾಗೆಯೇ ತೋರಿಸಬೇಕು. ನನ್ನ ಸೋದರಳಿಯನ ನಾಲ್ಕು ವ್ಯಾಗನ್ನುಗಳಲ್ಲಿ ಒಂದು ಹೀಗೆ ಹೊಸದಾಗಿದೆ. ಇನ್ನೊಂದರಲ್ಲಿ ದುರಸ್ತಿಯ ತಾರೀಖು ಬರೆದ ಕಡೆ ಮಾತ್ರ ಹೊಸ ಬಣ್ಣದ ಚೌಕ, ಸುತ್ತ ಹಳೆಯ ಬಣ್ಣ. ನಾವು ನಗುವ ಅವಸರದಲ್ಲಿ ಇದನ್ನು ನೋಡಲೇ ಇಲ್ಲ.

ಬಂಧುಗಳೇ, ಮುಂದಿನ ದೀಪಾವಳಿಗೂ ಹಲಗೆ ತರುವಂತೆ ಅವನಿಗೆ ಹೇಳಿದ್ದೇನೆ. “ಬೇಡ ಮಾವ, ಮತ್ತೆ ನಗ್ತಾರೆ” ಎಂದ. ತರಲೇಬೇಕೆಂದು ಗದರಿದ್ದೇನೆ. ನನ್ನ ಓದುವ ಭೂತಗನ್ನಡಿಯನ್ನು ಜಗಲಿಯಲ್ಲಿಡುತ್ತೇನೆ. ಒಬ್ಬೊಬ್ಬರೂ ಅದನ್ನು ಹಿಡಿದು ಒಂದೊಂದು ವ್ಯಾಗನ್ ನೋಡಿ, ಅದು ಏನನ್ನು ಹೊತ್ತಿತ್ತೆಂದು ಹೇಳಬೇಕು. ಹೇಳಿದವರಿಗೇ ಕಜ್ಜಾಯ.

ಕೊನೆಯದಾಗಿ ಒಂದು ಮಾತು, ಒಬ್ಬನಿಗೆ ಮಾತ್ರ. ಬೆಳ್ಳಿ ಬಣ್ಣದ ಡಬ್ಬಿ ನಿನಗೆ ನೆನಪಿದ್ದರೆ, ಇದನ್ನು ನೀನು ಓದುತ್ತಿದ್ದರೆ, ಅಂದಿನ ನಿನ್ನ ಮೊದಲ ಕೆಲಸವೇ ಸರಿಯಾಗಿತ್ತು. ತಿದ್ದಿದ ಮೇಷ್ಟ್ರು ತಪ್ಪಿದ್ದ. ನಿನ್ನ ತಂದೆಯವರಿಗೆ ಅಂದೇ ಹೇಳಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ: ಅದು ನಿಮ್ಮದೇ ಗಾಡಿ.

ಇಂತಿ ನಿಮ್ಮ ಮೇಷ್ಟ್ರು,
ಬಣಕಲ್